ಆಟಗಾರರ ತೆರಿಗೆಯೂ ಜನಾಭಿಪ್ರಾಯವೂ

(ದೊಡ್ಡಬಳ್ಳಾಪುರದಲ್ಲಿ ಗಿರಣಿ ಕೆಲಸಗಾರರು, ಮಗ್ಗದವರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಂಜೆ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಸಂಜೆ ನಾನು ಮಾತನಾಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು ಪಿ.ಎಫ್. ಹಣದ ವಿಷಯ. ಆದರೆ ಬಸ್ಸಿಳಿದು ಟೀ ಕುಡಿಯೋಣವೆಂದು ಹೋಟೆಲಿಗೆ ಹೋದಾಗ ಅಲ್ಲಿ ಒಂದು ಜಗಳ ನಡೆಯುತ್ತಿತ್ತು. ಕೈಕೈ ಮಿಲಾಯಿಸುವ ಜಗಳವಲ್ಲ, ಬಾಯಿಮಾತಿನದು. ಒಬ್ಬ ಹೇಳುತ್ತಾನೆ: "ಆತ ದೇಶಕ್ಕೆ ಆಡಿದವನು ಕಣಯ್ಯ. ಇಪ್ಪತ್ಮೂರು ಲಕ್ಷ ಆತನಿಗೆ ಯಾವ ಲೆಕ್ಕ? ಯಾರೋ ಮಾಡಿದ್ದನ್ನು ಅವನ ತಲೆಗೆ ಕಟ್ಟಿದ್ದಾರೆ." ಇನ್ನೊಬ್ಬ ಹೇಳುತ್ತಾನೆ: "ಹೋಗಯ್ಯ, ದುಡ್ಡಿರೋರೆಲ್ಲ ಕಳ್ಳರೇ. ನಿನ್ನಂಥವರು ಚಪ್ಪಾಳೆ ತಟ್ಟೋದರಿಂದಲೇ ಅವರು ಹಿಂಗಾಗಿರೋದು." ಇಬ್ಬರೂ ಮಗ್ಗದ ಕೆಲಸದವರು. ಇಬ್ಬರಿಗೂ ನನ್ನ ಗುರುತಿದೆ. "ಮೇಷ್ಟ್ರೇ, ನೀವೇ ಹೇಳಿ" ಎಂದರು. ನಾನು ಸಭೆಗೆ ಬನ್ನಿ, ಅಲ್ಲೇ ಹೇಳುತ್ತೇನೆ ಎಂದೆ. ಇಬ್ಬರೂ ಬಂದಿದ್ದಾರೆ, ಆದರೆ ಬೇರೆ ಬೇರೆ ಸಾಲಿನಲ್ಲಿ ಕೂತಿದ್ದಾರೆ. (ನಗು)

ಅವರು ಆಡುತ್ತಿದ್ದುದು ರಾಬಿನ್ ಉತ್ತಪ್ಪನವರ ವಿಷಯ. ಕೊಡಗಿನ ಮನೆತನದವರು, ನಮ್ಮ ಕರ್ನಾಟಕ ತಂಡಕ್ಕೆ ವರ್ಷಗಟ್ಟಲೆ ಆಡಿದವರು. 2007ರಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದೊಡನೆ ಆಟ ಸಮನಾಗಿ ನಿಂತು, ಬರಿಯ ವಿಕೆಟ್ಟಿಗೆ ಚೆಂಡೆಸೆದು ಗೆಲವು ತೀರ್ಮಾನ ಮಾಡಬೇಕಾಗಿ ಬಂದಾಗ, ಬೌಲರ್ ಅಲ್ಲದ ಈ ಹುಡುಗ ಚೆಂಡು ತೆಗೆದುಕೊಂಡು ವಿಕೆಟ್ಟಿಗೆ ಹೊಡೆದು, ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿದ್ದು ನಿಮಗೆಲ್ಲ ನೆನಪಿರಬೇಕು. ನನಗೂ ಇದೆ. ಆ ರಾತ್ರಿ ನಾನೂ ಕೂಗಿದವನೇ.

ಈಗ ನಡೆದದ್ದೇನೆಂದು ಸರಿಯಾಗಿ ಕೇಳಿ. ಹೋಟೆಲಿನಲ್ಲಿ ಇಬ್ಬರೂ ಅರ್ಧರ್ಧ ಹೇಳುತ್ತಿದ್ದರು. 2024ರ ಡಿಸೆಂಬರ್ 4ರಂದು ಬೆಂಗಳೂರಿನ ಪಿ.ಎಫ್. ಕಮಿಷನರ ಕಛೇರಿಯಿಂದ ಉತ್ತಪ್ಪನವರ ಮೇಲೆ ದಸ್ತಗಿರಿ ವಾರಂಟು ಹೊರಟಿತು. ಅವರು ಡೈರೆಕ್ಟರಾಗಿದ್ದ ಸೆಂಟಾರಸ್ ಲೈಫ್‌ಸ್ಟೈಲ್ ಬ್ರಾಂಡ್ಸ್ ಎಂಬ ಕಂಪನಿ ಕೆಲಸಗಾರರ ಸಂಬಳದಲ್ಲಿ ಪಿ.ಎಫ್. ಹಿಡಿದು ಅದನ್ನು ನಿಧಿಗೆ ಕಟ್ಟಲಿಲ್ಲವೆಂಬುದು ಆಪಾದನೆ. ಬಾಕಿ 23,36,602 ರೂಪಾಯಿ. ವಾರಂಟು ಪುಲಕೇಶಿನಗರದ ಪೊಲೀಸರಿಗೆ ಹೋಯಿತು. ಆ ವಿಳಾಸದಲ್ಲಿ ಅವರು ಈಗಿಲ್ಲವೆಂದು ಹಿಂತಿರುಗಿತು. ಸುದ್ದಿ ಹೊರಬಿದ್ದೊಡನೆ ಉತ್ತಪ್ಪನವರು ಹೇಳಿಕೆ ಕೊಟ್ಟರು: ಆ ಕಂಪನಿಗೆ ನಾನು ಸಾಲ ಕೊಟ್ಟಿದ್ದೆ, ಅದಕ್ಕಾಗಿ 2018-19ರಲ್ಲಿ ಡೈರೆಕ್ಟರ್ ಮಾಡಿದರು, ದಿನದ ಆಡಳಿತದಲ್ಲಿ ನನ್ನ ಕೈಯಿರಲಿಲ್ಲ, ಕೊಟ್ಟ ಸಾಲವೇ ವಾಪಸು ಬರಲಿಲ್ಲ, ಕೆಲವು ವರ್ಷಗಳ ಹಿಂದೆಯೇ ರಾಜೀನಾಮೆ ಕೊಟ್ಟೆ ಎಂದು. ಡಿಸೆಂಬರ್ 31ರಂದು ಹೈಕೋರ್ಟು ವಾರಂಟಿಗೆ ತಡೆಯಾಜ್ಞೆ ಕೊಟ್ಟಿತು.

ಇಷ್ಟು ಸಂಗತಿ. ತಡೆಯಾಜ್ಞೆ ಬಂದರೆ ಮನುಷ್ಯ ನಿರಪರಾಧಿಯೆಂದು ತೀರ್ಪಾದ ಹಾಗಲ್ಲ. ವಾರಂಟು ಹೊರಟರೆ ಅಪರಾಧಿಯೆಂದು ತೀರ್ಪಾದ ಹಾಗೂ ಅಲ್ಲ. ಅವರು ಹೇಳಿದ್ದು ನಿಜವಿರಬಹುದು. ಸಾಲ ಕೊಟ್ಟವನಿಗೆ ಕುರ್ಚಿ ಕೊಟ್ಟು ಹೆಸರು ಬರೆದುಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ. ಆದ್ದರಿಂದ ಉತ್ತಪ್ಪನವರು ಕಳ್ಳರೋ ಸಾಚಾರೋ ಎಂದು ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ, ಹೋಟೆಲಿಗೂ ಇಲ್ಲ. ನನಗೆ ನೋವಾದದ್ದು ಬೇರೆ ಕಾರಣಕ್ಕೆ. ಅರ್ಧ ಗಂಟೆ ನಡೆದ ಆ ವಾದದಲ್ಲಿ ಆ ಕಂಪನಿಯ ಕೆಲಸಗಾರರ ಮಾತು ಒಂದು ಸಾರಿಯೂ ಬರಲಿಲ್ಲ. ಮಾತನಾಡುತ್ತಿದ್ದವರು ಇಬ್ಬರೂ ಕೆಲಸಗಾರರು! ಕಮಿಷನರ ಪತ್ರದಲ್ಲಾದರೂ ಆ ಮಾತು ಇತ್ತು: ಈ ಹಣ ಬಾರದ್ದರಿಂದ ಬಡ ಕೆಲಸಗಾರರ ಲೆಕ್ಕ ತೀರಿಸಲು ಕಛೇರಿಗೆ ಆಗುತ್ತಿಲ್ಲವೆಂದು ಅದರಲ್ಲಿ ಬರೆದಿದ್ದರು. ಪತ್ರಿಕೆಗಳು ಆಟಗಾರನ ಚಿತ್ರವನ್ನು ದೊಡ್ಡದಾಗಿ ಹಾಕಿದವು, ಅವರು ಹೊಡೆದ ರನ್ನುಗಳ ಪಟ್ಟಿ ಹಾಕಿದವು. ಆ ಲೆಕ್ಕದ ಪುಸ್ತಕದಲ್ಲಿ ಹೆಸರಿದ್ದವರು ಏನಾದರು ಎಂದು ಯಾರೂ ಹೋಗಿ ಕೇಳಿದ ಹಾಗೆ ಕಾಣಲಿಲ್ಲ.

ಪಿ.ಎಫ್. ಎಂಬುದು ತೆರಿಗೆಯೇ ಅಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಸರಿ, ಅಲ್ಲ. ತೆರಿಗೆ ತಪ್ಪಿಸಿದವನು ಸರ್ಕಾರಕ್ಕೆ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಳ್ಳುತ್ತಾನೆ. ಪಿ.ಎಫ್. ಹಿಡಿದು ಕಟ್ಟದವನು ಕೆಲಸಗಾರನ ಜೇಬಿನಿಂದಲೇ ತೆಗೆದಿಟ್ಟುಕೊಳ್ಳುತ್ತಾನೆ. ಲೆಕ್ಕ ನೋಡಿ, ಇದು ನನ್ನ ಹಳೆಯ ಕಸುಬು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ನಿಮಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ 12ರಂತೆ 1,200 ರೂಪಾಯಿಯನ್ನು ಕೈಗೆ ಬರುವ ಮುಂಚೆಯೇ ಹಿಡಿಯುತ್ತಾರೆ. ಮಾಲಿಕ ಇನ್ನೊಂದು 1,200 ಸೇರಿಸಬೇಕು. ಅದರಲ್ಲಿ 833 ರೂಪಾಯಿ ಪಿಂಚಣಿಯ ಲೆಕ್ಕಕ್ಕೆ, ಉಳಿದದ್ದು ನಿಮ್ಮ ನಿಧಿಗೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟದಿದ್ದರೆ ನಿಮ್ಮ 1,200 ಹೋಯಿತು, ಅವನ 1,200 ಹೋಯಿತು, ಬಡ್ಡಿ ಹೋಯಿತು. 2024-25ರ ಸಾಲಿಗೆ ಆ ಬಡ್ಡಿ ನೂರಕ್ಕೆ 8.25 ಇತ್ತು; ಯಾವ ಬ್ಯಾಂಕಿನವನು ನಿಮಗೆ ಅಷ್ಟು ಕೊಡುತ್ತಾನೆ? ಕೆಲಸಗಾರನ ಪಾಲು ಹಿಡಿದು ಕಟ್ಟದೆ ಉಳಿಸಿಕೊಂಡರೆ ಅದು ನಂಬಿಕೆದ್ರೋಹವೆಂದು ದಂಡಸಂಹಿತೆಯೇ ಹೇಳುತ್ತದೆ. ತೆರಿಗೆಗಳ್ಳತನಕ್ಕಿಂತ ಇದು ಒಂದು ಕೈ ಮೇಲೆಂದು ನಾನು ಹೇಳುವುದು ಅದಕ್ಕೇ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಹಿಂದೆ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹೆಸರು ಬೇಡ. ಪ್ರತಿ ತಿಂಗಳೂ ಸಂಬಳದ ಚೀಟಿಯಲ್ಲಿ ಪಿ.ಎಫ್. ಎಂದು ಬರೆದು ಹಣ ಹಿಡಿಯುತ್ತಿದ್ದರು. ಎರಡು ವರ್ಷದ ಮೇಲೆ ತಾಯಿಯ ಕಾಯಿಲೆಗೆಂದು ಹಣ ತೆಗೆಯಲು ಹೋದಾಗ ನನ್ನ ಲೆಕ್ಕದಲ್ಲಿ ಹದಿನಾಲ್ಕು ತಿಂಗಳು ಖಾಲಿ. ಮೇಷ್ಟ್ರಾಗಿದ್ದು, ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಡುತ್ತ, ನನ್ನ ಸ್ವಂತ ಲೆಕ್ಕವನ್ನು ಎರಡು ವರ್ಷ ತೆರೆದು ನೋಡಿರಲಿಲ್ಲ. ಕೇಳಲು ಹೋದರೆ ಕಾರ್ಯದರ್ಶಿಗಳು, "ನಮ್ಮನ್ನೇ ಅನುಮಾನಿಸುತ್ತೀರಾ ಮೇಷ್ಟ್ರೇ? ಈ ಊರಿನಲ್ಲಿ ನಮ್ಮ ಮನೆತನಕ್ಕೆ ಹೆಸರಿದೆ" ಎಂದರು. ನಾನು ಆ ಹೆಸರಿಗೇ ಹೆದರಿ ಆರು ತಿಂಗಳು ಸುಮ್ಮನಿದ್ದೆ. ಈ ಹೆಸರು ಎಂಬುದರ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಆಗಲೇ.

ಹೆಸರಿಗೆ ಹೆದರದವರೂ ಇದ್ದಾರೆ. 2016ರ ಏಪ್ರಿಲ್ 18, 19ನ್ನು ನೆನೆಸಿಕೊಳ್ಳಿ. ಮಾಲಿಕರ ಪಾಲನ್ನು ಕೆಲಸಗಾರರು 58 ವಯಸ್ಸಾಗುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರದವರು ನಿಯಮ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ರಸ್ತೆಗಿಳಿದರು. ಯಾವ ದೊಡ್ಡ ನಾಯಕನೂ ಅವರನ್ನು ಕರೆದಿರಲಿಲ್ಲ. ಎರಡನೆಯ ದಿನ ಸಂಜೆಗೆ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಪಿ.ಎಫ್. ಎಂದರೆ ಮಗಳ ಮದುವೆ, ಗಂಡನ ಆಪರೇಷನ್ನು, ಕೆಲಸ ಹೋದ ಮೂರು ತಿಂಗಳ ಅನ್ನ ಎಂಬುದು ಅವರಿಗೆ ಗೊತ್ತಿತ್ತು. ಅಂಥ ಜನವೇ, ಆರೋಪ ಬಂದದ್ದು ಆಟಗಾರನ ಮೇಲೆ ಎಂದೊಡನೆ, ಅವನ ಬ್ಯಾಟಿಂಗಿನ ಮಾತು ತೆಗೆಯುತ್ತಾರಲ್ಲ, ಅದೇ ನನಗೆ ಅರ್ಥವಾಗದಿದ್ದದ್ದು.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಸ್ಪೇನ್ ದೇಶದಲ್ಲಿ ಮೆಸ್ಸಿ ಎಂಬ ಫುಟ್‌ಬಾಲ್ ಆಟಗಾರನ ಮೇಲೆ ಮೊಕದ್ದಮೆ ನಡೆಯಿತು. 2007ರಿಂದ 2009ರವರೆಗೆ ತನ್ನ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಮಾರಿ ಬಂದ ಹಣವನ್ನು ಬೆಲೀಜ್, ಉರುಗ್ವೆ ಮುಂತಾದ ಕಡೆ ಕಂಪನಿಗಳ ಮೂಲಕ ಸಾಗಿಸಿ 41 ಲಕ್ಷ ಯೂರೋ ತೆರಿಗೆ ತಪ್ಪಿಸಿದನೆಂದು. ನಾನು ಆಡುವುದೊಂದನ್ನೇ ಬಲ್ಲೆ, ಲೆಕ್ಕವೆಲ್ಲ ತಂದೆ ಮತ್ತು ವಕೀಲರದು ಎಂದು ಅವನು ಹೇಳಿಕೊಂಡ. ನ್ಯಾಯಾಲಯ ಒಪ್ಪಲಿಲ್ಲ. 2016ರಲ್ಲಿ ತಂದೆ ಮಗ ಇಬ್ಬರಿಗೂ 21 ತಿಂಗಳ ಶಿಕ್ಷೆಯಾಯಿತು. ಮರುವರ್ಷ ಮೇಲಿನ ಕೋರ್ಟಿನಲ್ಲಿ ಮಗನ ಶಿಕ್ಷೆ ಹಾಗೇ ಉಳಿಯಿತು. ಮೊದಲ ಅಪರಾಧ, ಎರಡು ವರ್ಷಕ್ಕೆ ಕಡಿಮೆ ಶಿಕ್ಷೆ ಎಂದು ಜೈಲಿಗೆ ಹೋಗಬೇಕಾಗಲಿಲ್ಲ. ದಂಡ ಕಟ್ಟಿ ಮುಗಿಯಿತು. ನಮ್ಮ ಪೈಕಿ ಯಾರಾದರೂ ಒಂದು ಸೈಕಲ್ ಕದ್ದು, ನಾನು ತುಳಿಯುವುದೊಂದನ್ನೇ ಬಲ್ಲೆ ಎಂದರೆ ಏನಾಗುತ್ತದೋ ನೀವೇ ಯೋಚಿಸಿ. (ನಗು)

ಆದರೆ ನಾನು ಹೇಳಬೇಕೆಂದದ್ದು ಶಿಕ್ಷೆಯ ಮಾತಲ್ಲ, ಜನಾಭಿಪ್ರಾಯದ ಮಾತು. ಕೋರ್ಟಿನ ಬಾಗಿಲಲ್ಲಿ ಕೆಲವರು ಜಯಘೋಷ ಮಾಡಿದರು, ಕೆಲವರು ಕಳ್ಳನೆಂದು ಕೂಗಿದರು. ತೀರ್ಪು ಬಂದ ವಾರದಲ್ಲೇ ಅವನ ಬಾರ್ಸಿಲೋನಾ ಕ್ಲಬ್ಬಿನವರು, ನಾವೆಲ್ಲರೂ ಮೆಸ್ಸಿಯೇ ಎಂದು ಎರಡು ಕೈ ಅಗಲಿಸಿ ಚಿತ್ರ ತೆಗೆಸಿ ಹಾಕಿರೆಂದು ಅಭಿಮಾನಿಗಳಿಗೆ ಕರೆ ಕೊಟ್ಟರು. ಆ ಕಾಲಕ್ಕೆ ಆ ದೇಶದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿದ್ದರು. ನಾವೆಲ್ಲ ಮೆಸ್ಸಿಯಾದರೆ ಆಸ್ಪತ್ರೆ ನಡೆಸುವವರು ಯಾರು ಎಂದು ಅಲ್ಲಿಯವರು ಕ್ಲಬ್ಬಿಗೆ ಛೀಮಾರಿ ಹಾಕಿದ್ದೂ ಉಂಟು. 2019ರಲ್ಲಿ ರೊನಾಲ್ಡೊ ಎಂಬ ಇನ್ನೊಬ್ಬ ಆಟಗಾರ ಇಂಥದ್ದೇ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು ಸುಮಾರು 1 ಕೋಟಿ 90 ಲಕ್ಷ ಯೂರೋ ಕಟ್ಟಲು ಒಪ್ಪಿದ ದಿನ, ಕೋರ್ಟಿನ ಹೊರಗೆ ನಗುನಗುತ್ತ ಹಸ್ತಾಕ್ಷರ ಹಾಕಿ ಕೊಟ್ಟ.

ಇಟಲಿಯಲ್ಲಿ ಮರಡೋನಾ ಕಥೆ ಬೇರೆ ರೀತಿಯದು, ಮತ್ತು ನನ್ನ ವಾದಕ್ಕೆ ಸ್ವಲ್ಪ ಅಡ್ಡವೂ ಬರುತ್ತದೆ, ಆದರೂ ಹೇಳಿಬಿಡುತ್ತೇನೆ. ನೇಪಲ್ಸ್ ಬಡವರ ಊರು. ಉತ್ತರದ ಶ್ರೀಮಂತ ಊರಿನವರು ಅವರನ್ನು ಕೀಳಾಗಿ ಕಾಣುತ್ತಿದ್ದರು. 1984ರಲ್ಲಿ ಆ ಊರಿಗೆ ಬಂದ ಮರಡೋನಾ 1987ರಲ್ಲಿ, ಮತ್ತೆ 1990ರಲ್ಲಿ ಅವರ ತಂಡಕ್ಕೆ ದೇಶದ ಪ್ರಶಸ್ತಿ ಗೆದ್ದುಕೊಟ್ಟ. ಅವನು ಹೋದ ಮೇಲೆ ತೆರಿಗೆ ಇಲಾಖೆಯವರು ಬಡ್ಡಿ ದಂಡ ಸೇರಿಸಿ 3 ಕೋಟಿ 70 ಲಕ್ಷ ಯೂರೋದಷ್ಟು ಬಾಕಿ ಎಂದು ಬೆನ್ನು ಹತ್ತಿದರು. 2009ರಲ್ಲಿ ಚಿಕಿತ್ಸೆಗೆ ಬಂದವನ ಕಿವಿಯ ವಜ್ರದ ಓಲೆಗಳನ್ನೇ ಜಪ್ತಿ ಮಾಡಿ, ಮರುವರ್ಷ 25,000 ಯೂರೋಗೆ ಹರಾಜು ಹಾಕಿದರು. ಊರಿನ ಜನ ಮಾತ್ರ ಅವನ ಕೈ ಬಿಡಲಿಲ್ಲ. 2020ರಲ್ಲಿ ಅವನು ತೀರಿಕೊಂಡಾಗ ಆಟದ ಮೈದಾನಕ್ಕೇ ಅವನ ಹೆಸರಿಟ್ಟರು. ಕೊನೆಗೆ 2024ರ ಆರಂಭದಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಅವನ ವಾರಸುದಾರರ ಪರವಾಗಿಯೇ ತೀರ್ಪಿತ್ತಿತು. ಹಾಗಾದರೆ ಜನ ಸರಿಯೋ, ಇಲಾಖೆ ಸರಿಯೋ? ಜನ ಸರಿ ಎಂದು ಹೇಳಿಬಿಡಬಹುದು. ಆದರೆ ಅವರು ಕಾಗದ ನೋಡಿ ನಂಬಿದವರಲ್ಲ. ಅವನು ನಮ್ಮವನು ಎಂದು ನಂಬಿದವರು. ತೀರ್ಪು ವಿರುದ್ಧವಾಗಿ ಬಂದಿದ್ದರೂ ಹಾಗೆಯೇ ನಂಬುತ್ತಿದ್ದರು.

ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಒಂದು ಭೇದ ತಿಳಿದುಕೊಳ್ಳಬೇಕು, ಹೋಟೆಲಿನ ವಾದದಲ್ಲಿ ಎಲ್ಲವೂ ಕಲಸಿಹೋಗಿತ್ತು. ತೆರಿಗೆಯನ್ನು ಮುಚ್ಚಿಟ್ಟು ತಪ್ಪಿಸುವುದು ಒಂದು. ತೆರಿಗೆ ಬೀಳುತ್ತದೋ ಇಲ್ಲವೋ ಎಂದು ಇಲಾಖೆಯೊಡನೆ ವಾದ ಹೂಡುವುದು ಇನ್ನೊಂದು. ಸೌರವ್ ಗಂಗೂಲಿಯವರಿಗೆ ಐ.ಪಿ.ಎಲ್. ಹಣದ ಮೇಲೆ ಸೇವಾ ತೆರಿಗೆ ಕಟ್ಟಿರೆಂದು ನೋಟೀಸು ಬಂದಿತ್ತು. ಅವರು ಕೋರ್ಟಿಗೆ ಹೋದರು. 2016ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ಗೆದ್ದರು. ಕಟ್ಟಿದ್ದ ಒಂದೂವರೆ ಕೋಟಿಯಷ್ಟು ಹಣವನ್ನು ಬಡ್ಡಿ ಸಮೇತ ಹಿಂದಕ್ಕೆ ಕೊಡಬೇಕೆಂದು 2020ರಲ್ಲಿ ಆಜ್ಞೆಯಾಯಿತು. ನೋಟೀಸು ಬಂದ ದಿನ ಅವರನ್ನು ಕಳ್ಳನೆಂದವರು ಆಜ್ಞೆ ಬಂದ ದಿನ ಬಾಯಿ ಬಿಟ್ಟದ್ದನ್ನು ನಾನು ಕೇಳಲಿಲ್ಲ. ನೋಟೀಸು ಬಂದವರೆಲ್ಲ ಕಳ್ಳರಾಗುವುದಾದರೆ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಅಂಗಡಿಯವರ ಗತಿ ಏನು? ಆ ಮಾತಿಗೆ ಆಮೇಲೆ ಬರುತ್ತೇನೆ.

ಮೂರನೆಯದೊಂದಿದೆ, ಕಾಯಿದೆ ಮೀರದೆಯೇ, ಕಾಯಿದೆಯ ಸಂದಿಯಲ್ಲಿ ನುಸುಳುವುದು, ಇಲ್ಲವೇ ಸರ್ಕಾರವೇ ಬಾಗಿಲು ತೆರೆದು ಬಿಡುವುದು. ಸಚಿನ್ ತೆಂಡೂಲ್ಕರ್ 2002ರಲ್ಲಿ ಬ್ರಾಡ್‌ಮನ್‌ರ 29 ಶತಕಗಳನ್ನು ಸರಿಗಟ್ಟಿದಾಗ ಫಿಯಟ್ ಕಂಪನಿಯವರು ಒಂದು ಫೆರಾರಿ ಕಾರನ್ನು ಉಡುಗೊರೆ ಕೊಟ್ಟರು. ಅದನ್ನು ದೇಶದೊಳಗೆ ತರಲು ಸುಂಕ 1 ಕೋಟಿ 13 ಲಕ್ಷ. ಕೇಂದ್ರದ ಹಣಕಾಸು ಇಲಾಖೆಯವರು ಅದನ್ನು ಮನ್ನಾ ಮಾಡಿದರು! ಅಭಿಮಾನಿಗಳು ಸರಿಯೆಂದರು. ಆದರೆ ಎಲ್ಲರೂ ಅನ್ನಲಿಲ್ಲ; ಕಾರು ಕೊಳ್ಳುವ ಯೋಗ್ಯತೆಯುಳ್ಳವನಿಗೆ ಸುಂಕ ಏಕೆ ಮನ್ನಾ ಎಂದು ಜನ ಕೇಳಿದರು, ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಕೊನೆಗೆ ಕಾರು ಕೊಟ್ಟ ಕಂಪನಿಯೇ ಸುಂಕ ಕಟ್ಟಿತು. ಸಚಿನ್ ಮೇಲೆ ಜನಕ್ಕಿದ್ದ ಪ್ರೀತಿ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲವೆಂಬುದನ್ನು ಗಮನಿಸಿ. ಪ್ರೀತಿ ಇಟ್ಟುಕೊಂಡೇ ಲೆಕ್ಕ ಕೇಳಬಹುದೆಂದು ಆ ಒಂದು ಸಲ ಜನ ತೋರಿಸಿಕೊಟ್ಟರು.

ಅದೇ ಸಚಿನ್‌ರ ಇನ್ನೊಂದು ವಿಷಯ ಅಷ್ಟು ಸದ್ದು ಮಾಡಲಿಲ್ಲ. ಪೆಪ್ಸಿ, ವೀಸಾ ಮುಂತಾದ ಕಂಪನಿಗಳ ಜಾಹೀರಾತಿನಿಂದ ವಿದೇಶೀ ಹಣವಾಗಿ ಬಂದ 5 ಕೋಟಿ 92 ಲಕ್ಷ ರೂಪಾಯಿಯಲ್ಲಿ 1 ಕೋಟಿ 77 ಲಕ್ಷಕ್ಕೆ ಅವರು ವಿನಾಯಿತಿ ಕೇಳಿದರು. ಆ ವಿನಾಯಿತಿ ಇದ್ದದ್ದು ಕಲಾವಿದರು, ನಟರು ಮುಂತಾದವರಿಗೆ. ಜಾಹೀರಾತಿನಲ್ಲಿ ನಾನು ಮಾಡುವುದು ನಟನೆ, ಆದ್ದರಿಂದ ಆ ಹಣದ ಮಟ್ಟಿಗೆ ನಾನು ನಟ ಎಂಬುದು ಅವರ ವಾದ. ಇಲಾಖೆ ಒಪ್ಪಲಿಲ್ಲ, 2011ರಲ್ಲಿ ಆದಾಯ ತೆರಿಗೆಯ ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತು. ಕಾಯಿದೆಯ ಪ್ರಕಾರ ಎಲ್ಲವೂ ಸರಿ. ಅವರನ್ನು ತೆರಿಗೆಗಳ್ಳರೆಂದರೆ ಅದು ಸುಳ್ಳು. ನಾನು ಕೇಳುವುದಿಷ್ಟೇ: ರಾತ್ರಿ ಪಾಳಿಯಲ್ಲಿ ನಿದ್ದೆ ಬಂದರೂ ಎಚ್ಚರವಿರುವಂತೆ ಸೂಪರ್‌ವೈಜರ ಮುಂದೆ ನಟಿಸುವ ಕೆಲಸಗಾರನಿಗೆ ಇಂಥ ವಿನಾಯಿತಿ ಯಾವ ಕಲಮಿನಲ್ಲಿದೆ? (ನಗು, ಕರತಾಡನ)

ಆಟಗಾರರ ಬಾಯಿಗೇ ಬೀಳುವುದೂ ಸರಿಯಲ್ಲ. ಅವರ ಹಿಂದೆ ಇರುವ ಮಂಡಳಿಯನ್ನು ನೋಡಿ. ಕ್ರಿಕೆಟ್ ನಿಯಂತ್ರಣ ಮಂಡಳಿ ತಮಿಳುನಾಡಿನಲ್ಲಿ ಸಂಘವಾಗಿ ರಿಜಿಸ್ಟರಾದದ್ದು. ಆಟವನ್ನು ಬೆಳೆಸುವ ಧರ್ಮಾರ್ಥ ಸಂಸ್ಥೆಯೆಂದು ಆದಾಯ ತೆರಿಗೆಯ ವಿನಾಯಿತಿ ಕೇಳುತ್ತ ಬಂದಿದೆ. ಐ.ಪಿ.ಎಲ್. ಎಂಬುದು ವ್ಯಾಪಾರವಲ್ಲವೇ ಎಂದು ಇಲಾಖೆ ಕೇಳಿತು. 2021ರ ನವೆಂಬರಿನಲ್ಲಿ ಮುಂಬಯಿಯ ನ್ಯಾಯಮಂಡಳಿ, ಹಣ ಬಂದ ಮಾತ್ರಕ್ಕೆ ಧರ್ಮಾರ್ಥದ ಗುಣ ಹೋಗುವುದಿಲ್ಲವೆಂದು ಮಂಡಳಿಯ ಪರವಾಗಿ ಹೇಳಿತು. ಇತ್ತ ಕಡೆ, 2025ರ ಸೆಪ್ಟೆಂಬರ್ 22ರಿಂದ ಐ.ಪಿ.ಎಲ್. ಟಿಕೆಟ್ಟಿನ ಮೇಲೆ ಜಿ.ಎಸ್.ಟಿ. ನೂರಕ್ಕೆ 40 ಆಯಿತು. ಸಾವಿರ ರೂಪಾಯಿ ಟಿಕೆಟ್ಟಿಗೆ ನಾನೂರು. ಆಟ ನೋಡುವವನದು ಚಟ, ಆಡಿಸುವವನದು ಧರ್ಮ! ಇಲ್ಲಿ ಯಾರೂ ಕಾಯಿದೆ ಮೀರಿಲ್ಲ, ಯಾರನ್ನೂ ದಸ್ತಗಿರಿ ಮಾಡುವ ಹಾಗಿಲ್ಲ, ಆದ್ದರಿಂದ ಪತ್ರಿಕೆಯಲ್ಲಿ ಚಿತ್ರವೂ ಬರುವುದಿಲ್ಲ.

ಇನ್ನು ಅಂಗಡಿ ಬೀದಿಯ ಮಿತ್ರರ ವಿಷಯ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಫೋನಿನ ಮೂಲಕ ಹಣ ತೆಗೆದುಕೊಂಡ ಲೆಕ್ಕ ಹಿಡಿದು 2021-22ರಿಂದ 2024-25ರವರೆಗಿನ ವ್ಯವಹಾರಕ್ಕೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟರು. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂಬುದು ಕಾಯಿದೆ. ಟೀ ಅಂಗಡಿ, ಬೇಕರಿ, ಹಾಲಿನ ಬೂತು, ಯಾರನ್ನೂ ಬಿಡಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟೆಂದು ಬಂತು; ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ! ಬೆಂಗಳೂರಿನಲ್ಲಿ ಅಂಗಡಿಯವರು ಸ್ಕ್ಯಾನ್ ಮಾಡುವ ಚೀಟಿಯನ್ನು ಕಿತ್ತುಹಾಕಿ, ನಗದು ಮಾತ್ರ ಎಂದು ಬೋರ್ಡು ಬರೆದರು. ಬಂದ್ ಎಂದು ಗೊತ್ತುಮಾಡಿದ ಮೇಲೆ ಮುಖ್ಯಮಂತ್ರಿಗಳು ಜುಲೈ 23ರಂದು ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು.

ಆ ಹದಿನೈದು ದಿನ ಜನಾಭಿಪ್ರಾಯ ಹೇಗಿತ್ತು, ನೆನಪಿದೆಯೇ? ಒಬ್ಬ ದೊಡ್ಡ ಸಂಬಳದ ಮನುಷ್ಯ ನನ್ನ ಮುಂದೆಯೇ ಹೇಳಿದ: "ಟೀ ಮಾರೋನು ಕೋಟಿ ವ್ಯವಹಾರ ಮಾಡ್ತಾನಂತೆ, ಟ್ಯಾಕ್ಸ್ ಕಟ್ಟಲ್ಲ, ನಾವು ಮಾತ್ರ ಕಟ್ಟಬೇಕು." ವ್ಯವಹಾರ ಬೇರೆ, ಲಾಭ ಬೇರೆ ಎಂಬುದು ಆತನಿಗೆ ತಿಳಿಯದ್ದಲ್ಲ. ಹತ್ತು ರೂಪಾಯಿಯ ಟೀಯಲ್ಲಿ ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಹುಡುಗನ ಕೂಲಿ ಕಳೆದು ಎಷ್ಟು ಉಳಿಯುತ್ತದೆಂದು ಹೊಸಕೋಟೆಯ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆತನೇ, ಕ್ರಿಕೆಟ್ ಆಟಗಾರರಿಗೆ ನೋಟೀಸು ಬಂದರೆ, "ಪಾಪ, ಅವರ ಆಡಿಟರು ಮಾಡಿದ ತಪ್ಪಿರಬೇಕು" ಎನ್ನುತ್ತಾನೆ. ಟೀ ಅಂಗಡಿಯವನಿಗೆ ಆಡಿಟರ್ ಇಲ್ಲ, ಅದಕ್ಕೇ ತಪ್ಪೆಲ್ಲ ಅವನದೇ.

ನಾನು ವ್ಯಾಪಾರಿಗಳ ಮುಖ ನೋಡಿ ಮಾತನಾಡುತ್ತಿಲ್ಲ. ನಿಮ್ಮಲ್ಲೂ ಕೆಲವರು ಬಿಲ್ಲು ಕೇಳಿದರೆ ಒಂದು ದರ, ಕೇಳದಿದ್ದರೆ ಒಂದು ದರ ಹೇಳುತ್ತೀರಿ. ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಇ.ಎಸ್.ಐ. ಇಲ್ಲ, ಏನೂ ಇಲ್ಲ. ದೊಡ್ಡವರು ತಪ್ಪಿಸುತ್ತಾರೆ, ನಾವೇನು ಮಹಾ ಎಂಬುದು ಉತ್ತರವಾದರೆ, ದೊಡ್ಡವರು ಅದನ್ನೇ ಇನ್ನಷ್ಟು ದೊಡ್ಡವರನ್ನು ತೋರಿಸಿ ಹೇಳುತ್ತಾರೆ.

ಇಷ್ಟೆಲ್ಲ ಆದರೂ ಆಟಗಾರನ ಮೇಲೆ ಏಕೆ ಇಷ್ಟು ಅಕ್ಕರೆ? ಇದನ್ನು ತಾತ್ಸಾರ ಮಾಡಿ ಮಾತನಾಡುವ ಸಂಗಾತಿಗಳು ನಮ್ಮಲ್ಲಿದ್ದಾರೆ. ಆಟ ಎಂಬುದು ಜನರನ್ನು ಮಲಗಿಸುವ ಮದ್ದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹನ್ನೆರಡು ಗಂಟೆ ಮಗ್ಗದ ಸದ್ದಿನಲ್ಲಿ ಕಿವುಡಾದವನಿಗೆ, ನಮ್ಮ ಕಡೆಯ ಹುಡುಗನೊಬ್ಬ ಲೋಕದ ಮುಂದೆ ಗೆದ್ದ ಎಂದರೆ ತಾನೂ ಗೆದ್ದ ಹಾಗೆ ಆಗುತ್ತದೆ. ಅದು ಸುಳ್ಳು ಸಂತೋಷವಲ್ಲ. ಮೆಸ್ಸಿ, ಮರಡೋನಾ ಇಬ್ಬರೂ ದುಡಿಯುವವರ ಮನೆಯಿಂದ ಬಂದವರು. ಅವರ ಮೇಲೆ ಇಲಾಖೆ ಕೈಯಿಟ್ಟಾಗ, ಇಷ್ಟು ದಿನ ಕೋಟ್ಯಾಧೀಶರನ್ನು ಮುಟ್ಟದವರು ನಮ್ಮ ಹುಡುಗನನ್ನೇ ಹಿಡಿದರಲ್ಲ ಎಂದು ಜನಕ್ಕೆ ಅನ್ನಿಸುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆಟಗಾರನ ಹೆಸರು ಎಲ್ಲರಿಗೂ ಗೊತ್ತು. ಬಾಕಿ ಉಳಿಸಿಕೊಂಡ ನೂರು ಕಂಪನಿಗಳ ಡೈರೆಕ್ಟರುಗಳಲ್ಲಿ ಒಬ್ಬರ ಹೆಸರೂ ನಿಮಗೆ ಗೊತ್ತಿಲ್ಲ.

ಆದರೆ ಆ ಅಕ್ಕರೆಯ ಬೆಲೆ ತೆರುವವರು ಯಾರು? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಹದಿನೆಂಟು ವರ್ಷ ಕಾದು ಗೆದ್ದ ತಂಡವನ್ನು ಒಮ್ಮೆ ಕಣ್ಣಿಂದ ನೋಡಬೇಕೆಂದು ಹೋದವರು. ನಮ್ಮ ಈ ಊರುಗಳಿಂದಲೂ ಅಂದು ರೈಲು ಹತ್ತಿ, ಬಸ್ಸು ಹತ್ತಿ ಹೋದ ಹುಡುಗರಿದ್ದರು. ಬಾಗಿಲ ತನಕ ಹೋಗಲಾಗದೆ ಹಿಂದಿರುಗಿ ಬದುಕಿದರು. ಅಷ್ಟು ಕೊಡುವ ಜನಕ್ಕೆ ಒಂದು ಲೆಕ್ಕ ಕೇಳುವ ಹಕ್ಕು ಇಲ್ಲವೇ?

ಆದ್ದರಿಂದ ಹೋಟೆಲಿನ ಇಬ್ಬರು ಮಿತ್ರರಿಗೂ ನನ್ನ ಉತ್ತರ. ಮೊದಲನೆಯವರೇ, ಆತ ದೇಶಕ್ಕೆ ಆಡಿದ್ದು ನಿಜ. ಅದಕ್ಕೆ ಚಪ್ಪಾಳೆ ಕೊಟ್ಟಾಗಿದೆ, ಸಂಭಾವನೆಯೂ ಸಂದಿದೆ. ಆ 23 ಲಕ್ಷ ಆತನಿಗೆ ಲೆಕ್ಕವಲ್ಲದಿರಬಹುದು, ಅದು ಯಾರ ಸಂಬಳದಲ್ಲಿ ಹಿಡಿದದ್ದೋ ಅವರಿಗೆ ಲೆಕ್ಕ. ಎರಡನೆಯವರೇ, ದುಡ್ಡಿರುವವರೆಲ್ಲ ಕಳ್ಳರೆಂದು ಕೂಗಿ ಮನೆಗೆ ಹೋಗಿ ಮಲಗಿದರೆ ಕಳ್ಳನಿಗೆ ಅದಕ್ಕಿಂತ ಹಿತವಾದದ್ದು ಬೇರೊಂದಿಲ್ಲ. ಎಲ್ಲರೂ ಕಳ್ಳರಾದ ಮೇಲೆ ಯಾರನ್ನೂ ಹಿಡಿಯಬೇಕಾಗಿಲ್ಲವಲ್ಲ. ಆ ಕಂಪನಿಯ ಡೈರೆಕ್ಟರು ಯಾರಾಗಿದ್ದರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹಣ ಹಿಡಿದದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಕೇಳೋಣ. ಉತ್ತಪ್ಪನವರು ಆ ತಿಂಗಳುಗಳಲ್ಲಿ ಹೊಣೆಗಾರರಲ್ಲದಿದ್ದರೆ ಅವರಿಗೆ ನ್ಯಾಯ ಸಿಗಲಿ, ಹೊಣೆಗಾರರು ಯಾರೋ ಅವರನ್ನು ಹುಡುಕಲಿ. ಯಾರು ಕಟ್ಟಿದರೂ ಕೆಲಸಗಾರನ ಹಣ ಬರಬೇಕು.

(ಸಭೆಯಲ್ಲಿ ಒಬ್ಬರು ಎದ್ದು, "ನಮ್ಮ ಕಾರ್ಖಾನೆಯಲ್ಲೂ ಹಿಡೀತಾರೆ, ಕಟ್ಟಿದ್ದಾರೋ ಇಲ್ಲವೋ ಹೆಂಗೆ ಗೊತ್ತಾಗಬೇಕು ಮೇಷ್ಟ್ರೇ?" ಎಂದು ಕೇಳಿದರು.)

ಒಳ್ಳೆಯ ಪ್ರಶ್ನೆ, ನಾನು ಬಂದದ್ದೇ ಅದಕ್ಕೆ. ನಿಮಗೆಲ್ಲ ಯು.ಎ.ಎನ್. ಎಂಬ ಹನ್ನೆರಡು ಅಂಕಿಯ ನಂಬರು ಇದೆ, ಸಂಬಳದ ಚೀಟಿಯಲ್ಲಿ ಬರೆದಿರುತ್ತದೆ. ಅದನ್ನು ಹಾಕಿದರೆ ಫೋನಿನಲ್ಲೇ ಪಾಸ್‌ಬುಕ್ ತೆರೆಯುತ್ತದೆ. ತಿಂಗಳಿಗೊಂದು ಸಾಲು ಇರಬೇಕು. ಸಾಲು ಇಲ್ಲದ ತಿಂಗಳ ಸಂಬಳದ ಚೀಟಿಯನ್ನು ಎತ್ತಿಡಿ; ಅದೇ ನಿಮ್ಮ ಸಾಕ್ಷಿ. ಒಬ್ಬೊಬ್ಬರೇ ಮಾಲಿಕರ ಹತ್ತಿರ ಹೋಗಬೇಡಿ, ನಾನು ಹೋಗಿ ಆರು ತಿಂಗಳು ಕಳೆದುಕೊಂಡೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಕೂರೋಣ. ದೇವನಹಳ್ಳಿ, ನೆಲಮಂಗಲದ ಕಡೆಯಿಂದಲೂ ಕೆಲವರು ಬರುತ್ತೇನೆಂದಿದ್ದಾರೆ. ಫೋನು ಬಾರದವರಿಗೆ ಓದಿಕೊಂಡ ನಮ್ಮ ಮಕ್ಕಳು ತೆರೆದು ತೋರಿಸುತ್ತಾರೆ. ಚೀಟಿಗಳನ್ನು ಮರೆಯದೆ ತನ್ನಿ. ಹೋಟೆಲಿನ ಆ ಇಬ್ಬರು ಮಿತ್ರರೂ ತಮ್ಮ ತಮ್ಮ ಚೀಟಿ ಹಿಡಿದು ಒಂದೇ ಬೆಂಚಿನ ಮೇಲೆ ಬಂದು ಕೂರಬೇಕು.